ಕೈ ಏನು ಮಾಡ್ತಿತ್ತು?

ಶುಗರ್ ಇದ್ಯಾ? ಕೈ ಒಳಗೆ ಫಂಗಸ್ ಇಳಿದಿತ್ತು ಅಂತ ಹೇಳಿದ್ರೆ ಮೊದಲನೇ ಪ್ರಶ್ನೆ ಯಾವಾಗ್ಲೂ ಇದೇ. ಇಲ್ಲ ಅಂದ್ರೆ ಎರಡನೇದು, ಹಾಗಾದ್ರೆ ಇಮ್ಯುನಿಟಿ ಕಮ್ಮಿ ಇರ್ಬೇಕು ಅಲ್ವಾ? ಅದೂ ಇಲ್ಲ ಕಣ್ರೀ, ಎಲ್ಲಾ ಟೆಸ್ಟೂ ಆಯ್ತು, ಎಲ್ಲಾ ನಾರ್ಮಲ್ ಅಂದ್ರೆ ಎದುರಿಗಿರೋರು ಒಂದು ಥರ ನೋಡ್ತಾರೆ, ಇವನು ಏನೋ ಮುಚ್ಚಿಡ್ತಿದಾನೆ ಅನ್ನೋ ಹಾಗೆ. ಯಾಕಂದ್ರೆ ಚರ್ಮದ ಕೆಳಗೆ ಇಳಿದು ಕೂರೋ ಫಂಗಸ್ಸು ತಿಂದುಂಡು ಗಟ್ಟಿಮುಟ್ಟಾಗಿ ಓಡಾಡ್ಕೊಂಡಿರೋ ಮನುಷ್ಯನಿಗೆ ಬರುತ್ತೆ ಅಂತ ಯಾರೂ ನಂಬಲ್ಲ. ಹುಳುಕಡ್ಡಿ ಬರುತ್ತೆ, ಸಿಬ್ಬ ಬರುತ್ತೆ, ಕಾಲ್ಬೆರಳ ಸಂದಿ ಕೊಳೆಯುತ್ತೆ, ಅದೆಲ್ಲ ಸರಿ, ಮೇಲ್ಮೇಲಿನ ಕಥೆ. ಒಳಗಡೆ ಹೋಯ್ತು ಅಂದ್ರೆ ದೇಹದಲ್ಲೇ ಏನೋ ಐಬಿದೆ ಅಂತ ಲೆಕ್ಕ.

ನನಗೆ ಬಂದಿದ್ದು ಸ್ಪೋರೋಟ್ರೈಕೋಸಿಸ್ ಅನ್ನೋ ಅಂಥದ್ದೇ ಒಂದು ಫಂಗಸ್ ಕಾಯಿಲೆ. ತೋರುಬೆರಳಿನ ಹಿಂಭಾಗದಲ್ಲಿ ಒಂದು ಗುಳ್ಳೆ, ಮೊಡವೆಗಿಂತ ಸ್ವಲ್ಪ ದಪ್ಪ, ಕೆಂಪು. ನೋವಿಲ್ಲ, ತುರಿಕೆ ಇಲ್ಲ, ಜ್ವರ ಇಲ್ಲ. ನೋವಿದ್ದಿದ್ರೆ ಚೆನ್ನಾಗಿತ್ತು ಅಂತ ಆಮೇಲೆ ಅನ್ನಿಸ್ತು, ನೋವಿಲ್ಲದೇ ಇರೋದನ್ನ ಯಾರು ಲೆಕ್ಕಕ್ಕೆ ಇಡ್ತಾರೆ ಹೇಳಿ. ಗುಳ್ಳೆ ನಿಧಾನಕ್ಕೆ ಒಡೀತು, ಸ್ವಲ್ಪ ನೀರು ಬಂತು, ಹುಣ್ಣಾಯ್ತು, ಹುಣ್ಣು ಆರ್ಲಿಲ್ಲ. ಆಂಟಿಬಯಾಟಿಕ್ ಮುಲಾಮು ಹಚ್ಚಿದ್ದಾಯ್ತು, ಆಮೇಲೆ ಆಂಟಿಬಯಾಟಿಕ್ ಮಾತ್ರೆ, ಆಮೇಲೆ ಬೇರೆ ಆಂಟಿಬಯಾಟಿಕ್, ಮಧ್ಯದಲ್ಲಿ ಒಬ್ರು ಡಾಕ್ಟ್ರು ಇದು ಅಲರ್ಜಿ ಇರ್ಬಹುದು ಅಂತ ಸ್ಟೀರಾಯ್ಡ್ ಕ್ರೀಮ್ ಬರೆದುಕೊಟ್ರು, ಅದನ್ನ ಹಚ್ಚಿದ ಮೇಲೆ ಕೆಂಪು ಇಳೀತು, ಹಾ ವಾಸಿ ಆಗ್ತಿದೆ ಅಂದ್ಕೊಳ್ಳೋ ಅಷ್ಟ್ರಲ್ಲಿ ಮಣಿಕಟ್ಟಿನ ಹತ್ರ ಚರ್ಮದ ಕೆಳಗೆ ಇನ್ನೊಂದು ಗಂಟು. ಅದಾದ್ಮೇಲೆ ಅದರ ಮೇಲೆ ಇನ್ನೊಂದು. ಬೆರಳಿಂದ ಶುರುವಾಗಿ ಮೊಣಕೈ ಕಡೆಗೆ, ದಾರಕ್ಕೆ ಮಣಿ ಪೋಣಿಸಿದ ಹಾಗೆ ಸಾಲಾಗಿ.

ಸ್ಟೀರಾಯ್ಡಿಂದ ಕೆಂಪು ಇಳಿಯೋದು ನಿಜ, ಅದೇ ಅದರ ಮೋಸ. ಫಂಗಸ್ ಮೇಲೆ ದೇಹ ಮಾಡ್ತಿರೋ ಜಗಳವನ್ನ ಅದು ಸುಮ್ಮನಾಗಿಸುತ್ತೆ, ನೋಡೋಕೆ ಶಾಂತ, ಒಳಗೆ ಫಂಗಸ್ಸಿಗೆ ಆರಾಮ. ಸಾಮಾನ್ಯ ಹುಳುಕಡ್ಡಿಗೂ ಇದೇ ಗತಿ ಆಗುತ್ತೆ, ಮೂರು ಔಷಧಿ ಒಟ್ಟಿಗೆ ಬೆರೆಸಿದ ಕ್ರೀಮ್ ಹಚ್ಚಿ ಹಚ್ಚಿ ಗುರುತೇ ಸಿಗದ ಹಾಗೆ ಮಾಡ್ಕೊಂಡು ಬರ್ತಾರಂತೆ ಜನ. ಅದನ್ನ ಬೈಯೋಕೆ ಹೋದ್ರೆ ಇನ್ನೊಂದು ಬರಹ ಆಗುತ್ತೆ, ಬಿಡಿ.

ಕೊನೆಗೆ ಒಬ್ರು ವಯಸ್ಸಾದ ಸ್ಕಿನ್ ಡಾಕ್ಟ್ರು ಸಿಕ್ರು. ಅವರು ಶುಗರ್ ಬಗ್ಗೆ ಕೇಳಲೇ ಇಲ್ಲ, ಅಂದ್ರೆ ಮೊದಲು ಕೇಳ್ಲಿಲ್ಲ. ಹೆಬ್ಬೆರಳಿಂದ ಗಂಟಿನ ಸಾಲನ್ನ ಕೆಳಗಿಂದ ಮೇಲಕ್ಕೆ ಒತ್ತಿ ನೋಡಿದ್ರು, ಕಂಕುಳು ಮುಟ್ಟಿ ನೋಡಿದ್ರು, ಆಮೇಲೆ ಶುರು ಮಾಡಿದ್ರು: ಮನೇಲಿ ಮೀನಿನ ತೊಟ್ಟಿ ಇದ್ಯಾ? ನೀವೇ ತೊಳೀತೀರಾ? ಬೆಕ್ಕು ಇದ್ಯಾ, ಪರಚಿತ್ತಾ? ಗಿಡ ನೆಡ್ತೀರಾ? ಗುಲಾಬಿ? ಹುಲ್ಲು, ಪಾಚಿ, ಕೊಳೆತ ಎಲೆ ಏನಾದ್ರೂ ಕೈಯಲ್ಲಿ ಎತ್ತಿದ್ರಾ? ಮರಗೆಲಸ? ಇತ್ತೀಚೆಗೆ ಎಲ್ಲಾದ್ರೂ ಪ್ರಯಾಣ ಹೋಗಿದ್ರಾ, ನೊಣ ಕಚ್ಚಿತ್ತಾ?

ಇದೇನಪ್ಪಾ ಇವರು ಪೊಲೀಸ್ ವಿಚಾರಣೆ ಮಾಡ್ತಿದಾರೆ ಅನ್ನಿಸ್ತು ನನಗೆ. ಆದ್ರೆ ಒಂದೊಂದು ಪ್ರಶ್ನೆ ಹಿಂದೆನೂ ಒಂದೊಂದು ರೋಗ ಇದೆ. ಮೀನಿನ ತೊಟ್ಟಿ ಕೇಳಿದ್ದು ಮೈಕೋಬ್ಯಾಕ್ಟೀರಿಯಂ ಮರೀನಂ ಅನ್ನೋ ಬ್ಯಾಕ್ಟೀರಿಯಾಗೆ, ಕ್ಷಯದ ಬ್ಯಾಕ್ಟೀರಿಯಾದ ನೆಂಟ ಅದು, ತೊಟ್ಟಿ ತೊಳೆಯೋರ ಕೈಯಲ್ಲಿ ಥೇಟ್ ಇದೇ ಥರ ಸಾಲುಗಂಟು ಎಬ್ಬಿಸುತ್ತೆ. ಪ್ರಯಾಣ, ನೊಣ ಅಂದಿದ್ದು ಲೀಶ್ಮೇನಿಯಾಸಿಸ್‌ಗೆ, ಮರಳುನೊಣದಿಂದ ಬರೋದು. ಗಿಡ ನೆಡೋದು ಕೇಳಿದ್ದು ಮಣ್ಣಲ್ಲಿರೋ ನೊಕಾರ್ಡಿಯಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾಗೆ. ಇವೆಲ್ಲಾ ಲಿಂಫ್ ನಾಳ, ಅಂದ್ರೆ ಚರ್ಮದ ಕೆಳಗೆ ದ್ರವ ಸಾಗಿಸೋ ಸಣ್ಣ ಕೊಳವೆ, ಹಿಡ್ಕೊಂಡು ಮೇಲೆ ಹತ್ತೋವೇ, ಆದ್ದರಿಂದ ನೋಡೋಕೆ ಒಂದೇ ಥರ, ಔಷಧಿ ಮಾತ್ರ ಒಂದಕ್ಕೊಂದು ಸಂಬಂಧ ಇಲ್ಲ. ಬೆಕ್ಕು, ಗುಲಾಬಿ, ಪಾಚಿ, ಮರ, ಈ ನಾಲ್ಕೂ ಸ್ಪೋರೋಟ್ರೈಕೋಸಿಸ್ ಕಡೆಯ ಪ್ರಶ್ನೆಗಳು.

ಗುಲಾಬಿ ಮುಳ್ಳು ಚುಚ್ಚಿತ್ತು ಅಂದಿದ್ರೆ ಹೇಳ್ಕೊಳೋಕೆ ಚೆನ್ನಾಗಿರ್ತಿತ್ತು, ಇದಕ್ಕೆ ಗುಲಾಬಿ ಬೆಳೆಯೋರ ಕಾಯಿಲೆ ಅಂತಲೇ ಹೆಸರಿದೆ. ನಂದು ಹಳೇ ಮರದ ಹಲಗೆ. ರಜೆ ಸಿಕ್ಕಾಗೆಲ್ಲ ಮರದಲ್ಲಿ ಏನಾದ್ರೂ ಮಾಡ್ತಾ ಇರೋದು ನನ್ನ ಹವ್ಯಾಸ, ಮಳೇಲಿ ನೆನೆದು ಮೂಲೇಲಿ ಬಿದ್ದಿದ್ದ ಹಲಗೆಗಳನ್ನ ಎತ್ತಿ ಜೋಡಿಸ್ತಿದ್ದಾಗ ಒಂದು ಸಿಬಿರು ಚುಚ್ಚಿತ್ತು, ಕಿತ್ತು ಬಿಸಾಕಿದ್ದೆ, ಮರದ ಕೆಲಸ ಮಾಡೋರಿಗೆ ಸಿಬಿರು ಚುಚ್ಚೋದು ಒಂದು ಸುದ್ದಿನಾ. ಡಾಕ್ಟ್ರು ಕೇಳಿದ ಕೂಡ್ಲೇ ಅದು ನೆನಪಾಗ್ಲೂ ಇಲ್ಲ. ಕಾರಣ ಏನಂದ್ರೆ ಚುಚ್ಚಿದ ದಿನಕ್ಕೂ ಗುಳ್ಳೆ ಏಳೋ ದಿನಕ್ಕೂ ಮಧ್ಯೆ ಒಂದು ವಾರದಿಂದ ಹಿಡಿದು ಹನ್ನೆರಡು ವಾರದವರೆಗೂ ಅಂತರ ಇರ್ಬಹುದು. ಅಷ್ಟೊತ್ತಿಗೆ ಗಾಯ ಮಾಯ್ದು, ಚರ್ಮ ಕೂಡ್ಕೊಂಡು, ಮನುಷ್ಯ ಮರೆತೇ ಹೋಗಿರ್ತಾನೆ. ಹಿಂದಿನ ವಾರ ಏನಾಯ್ತು ಅಂತ ಕೇಳಿದ್ರೆ ಏನೂ ಆಗಿಲ್ಲ ಅನ್ನೋದೇ ಉತ್ತರ, ಮತ್ತೆ ಅದು ಸುಳ್ಳೂ ಅಲ್ಲ.

ಈ ರೋಗದ ಚರಿತ್ರೆ ಓದ್ತಾ ಹೋದ ಹಾಗೆ ನನಗೆ ಒಂದು ವಿಷಯ ಗಟ್ಟಿಯಾಗ್ತಾ ಹೋಯ್ತು. ಎಲ್ಲಾ ಕಡೆ ಇದರ ಗುಟ್ಟು ಬಿಚ್ಚಿಕೊಂಡಿದ್ದು ಜನ ಕೈಯಲ್ಲಿ ಏನು ಮಾಡ್ತಿದ್ರು ಅಂತ ಹುಡುಕಿದಾಗ್ಲೇ, ಅವರ ದೇಹ ಎಷ್ಟು ಗಟ್ಟಿ ಅಂತ ಅಳೆದಾಗ ಅಲ್ಲ. ಮೊದಲನೇ ಕೇಸು ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆದು, 1896ರಲ್ಲಿ ಬಂದ ರೋಗಿ, ಬಲಗೈಲಿ ಹುಣ್ಣು, ತೋಳಿನ ಉದ್ದಕ್ಕೂ ಗಂಟು. ಬೆಂಜಮಿನ್ ಶೆಂಕ್ ಅನ್ನೋರು ಅದರಿಂದ ಫಂಗಸ್ ಬೆಳೆಸಿ 1898ರಲ್ಲಿ ಬರೆದ್ರು. ಎರಡು ವರ್ಷ ಆದ್ಮೇಲೆ, 1900ರಲ್ಲಿ, ಹೆಕ್ಟೋಯನ್ ಮತ್ತು ಪರ್ಕಿನ್ಸ್ ಅನ್ನೋ ಇಬ್ಬರು ಇನ್ನೊಂದು ಕೇಸು ವರದಿ ಮಾಡಿ ಆ ಫಂಗಸ್ಸಿಗೆ ಸ್ಪೋರೋಥ್ರಿಕ್ಸ್ ಶೆಂಕಿಯೈ ಅಂತ ಹೆಸರಿಟ್ರು. ಅವರ ರೋಗಿ ಒಬ್ಬ ಹುಡುಗ, ಬೆರಳಿಗೆ ಸುತ್ತಿಗೆ ಏಟು ಬಿದ್ದಿತ್ತು ಅಷ್ಟೆ.

ದೊಡ್ಡ ಕಥೆ ಅಂದ್ರೆ ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್ ಚಿನ್ನದ ಗಣಿಗಳದ್ದು. 1940ರ ದಶಕದಲ್ಲಿ ಅಲ್ಲಿ ಹತ್ತಿರ ಹತ್ತಿರ 3000 ಗಣಿ ಕಾರ್ಮಿಕರಿಗೆ ಈ ರೋಗ ಬಂತು. ಭೂಮಿ ಒಳಗೆ ಇಳಿದು ಬಂಡೆ ಒಡೆಯೋ ಜನ ಅವರು, ಅವರ ಮುಂದೆ ನಿಂತು ನಿಮಗೆ ಇಮ್ಯುನಿಟಿ ಕಮ್ಮಿ ಅಂತ ಹೇಳೋ ಧೈರ್ಯ ಯಾರಿಗಿದೆ ನೋಡೋಣ. ಸುರಂಗ ಕುಸೀಬಾರ್ದು ಅಂತ ಮರದ ದಿಮ್ಮಿಗಳನ್ನ ಆನಿಕೆ ಕೊಟ್ಟಿದ್ರು, ಒಳಗಿನ ಸೆಕೆಗೆ, ತೇವಕ್ಕೆ ಆ ಮರದ ಮೇಲೆ ಫಂಗಸ್ ಬೆಳೆದಿತ್ತು, ಇಕ್ಕಟ್ಟಲ್ಲಿ ಓಡಾಡೋವಾಗ ಮೈಕೈ ತರಚಿಕೊಳ್ತಿತ್ತು, ಅಲ್ಲಿಂದ ಒಳಗೆ. ದಿಮ್ಮಿಗಳಿಗೆ ಫಂಗಸ್ ಕೊಲ್ಲೋ ರಾಸಾಯನಿಕ ಬಳಿದ್ರು, ಕಾರ್ಮಿಕರಿಗೆ ಪೊಟ್ಯಾಸಿಯಂ ಅಯೊಡೈಡ್ ಕುಡಿಸಿದ್ರು, ನಿಯಂತ್ರಣಕ್ಕೆ ಬಂತು. ಔಷಧಿ ಮನುಷ್ಯರಿಗೂ ಆಯ್ತು ಮರಕ್ಕೂ ಆಯ್ತು, ನನಗೆ ಈ ಇಡೀ ಚರಿತ್ರೆಲಿ ತುಂಬಾ ಇಷ್ಟ ಆದ ವಿಷಯ ಇದೇ.

1988ರಲ್ಲಿ ಅಮೆರಿಕದ 15 ರಾಜ್ಯಗಳಲ್ಲಿ 84 ಜನಕ್ಕೆ ಬಂತು. ಅವರೆಲ್ಲ ಒಬ್ಬರಿಗೊಬ್ಬರು ಸಂಬಂಧ ಇಲ್ಲದೋರು, ಆದ್ರೆ ಎಲ್ಲರೂ ಗಿಡ ನೆಡೋ ಕೆಲಸ ಮಾಡಿದೋರು, ಸಸಿಗಳ ಬೇರು ಒಣಗ್ಬಾರ್ದು ಅಂತ ಸುತ್ತಿ ಕಳಿಸಿದ್ದ ಸ್ಫ್ಯಾಗ್ನಮ್ ಅನ್ನೋ ಪಾಚಿನ ಮುಟ್ಟಿದೋರು. ಬ್ರೆಜಿಲ್‌ನಲ್ಲಿ ಇನ್ನೂ ಬೇರೆ ದಾರಿ. ರಿಯೊ ಡಿ ಜನೈರೊ ಸುತ್ತಮುತ್ತ 1990ರ ದಶಕದ ಕೊನೆಯಿಂದ ಬೆಕ್ಕುಗಳಲ್ಲಿ ಹರಡಿ, ಬೆಕ್ಕು ಪರಚಿದೋರಿಗೆ, ಕಚ್ಚಿಸ್ಕೊಂಡೋರಿಗೆ ಬರ್ತಾ ಬರ್ತಾ ಸಾವಿರಾರು ಜನಕ್ಕಾಯ್ತು, ಅದು ಸ್ಪೋರೋಥ್ರಿಕ್ಸ್ ಬ್ರೆಸಿಲಿಯೆನ್ಸಿಸ್ ಅನ್ನೋ ಬೇರೆ ಜಾತಿ ಅಂತ 2007ರಲ್ಲಿ ಗುರುತು ಹಿಡಿದ್ರು. ಭಾರತದಲ್ಲಿ ಹಿಮಾಲಯದ ತಪ್ಪಲಲ್ಲಿ, ಅದರಲ್ಲೂ ಹಿಮಾಚಲ ಪ್ರದೇಶದ ಕಡೆ, ಜಾಸ್ತಿ ಕಾಣೋ ಕಾಯಿಲೆ ಇದು. ಗಣಿ, ಪಾಚಿ, ಬೆಕ್ಕಿನ ಉಗುರು. ಎಲ್ಲಾ ಕಡೆ ಒಂದೇ ವಿಷಯ, ಫಂಗಸ್ ಇರೋ ಕಡೆ ಕೈ ಹೋಗಿದೆ, ಕೈಲಿ ಒಂದು ಬಾಗಿಲು ತೆರೆದಿದೆ.

ಸರಿ, ಬಾಗಿಲು ತೆರೆದ ಮಾತ್ರಕ್ಕೆ ಎಲ್ಲಾ ಫಂಗಸ್ಸೂ ಒಳಗೆ ಬಂದು ಬದುಕುತ್ತಾ? ಇಲ್ಲ. ಭೂಮಿ ಮೇಲೆ ಲಕ್ಷಾಂತರ ಜಾತಿ ಫಂಗಸ್ ಇವೆ, ಮನುಷ್ಯನಿಗೆ ಕಾಯಿಲೆ ತರೋವು ಕೆಲವು ನೂರು ಅಷ್ಟೆ. ಇದಕ್ಕೆ ದೊಡ್ಡ ಕಾರಣ ನಮ್ಮ ಮೈ ಬಿಸಿ. ವಿನ್ಸೆಂಟ್ ರಾಬರ್ಟ್, ಆರ್ಟುರೊ ಕಾಸಡೆವಾಲ್ ಅನ್ನೋ ಇಬ್ಬರು ವಿಜ್ಞಾನಿಗಳು 2009ರಲ್ಲಿ ಸಾವಿರಾರು ಫಂಗಸ್ ತಳಿಗಳ ಲೆಕ್ಕ ಹಾಕಿ ನೋಡಿದ್ರು, 30ರಿಂದ 40 ಡಿಗ್ರಿ ಸೆಲ್ಸಿಯಸ್ ಮಧ್ಯೆ ಒಂದೊಂದು ಡಿಗ್ರಿ ಏರಿದ ಹಾಗೂ ಸುಮಾರು 6 ಶೇಕಡಾ ತಳಿಗಳು ಸೋತು ಹಿಂದೆ ಉಳೀತವೆ. ಅಂದ್ರೆ 37 ಡಿಗ್ರಿ ಅನ್ನೋದೇ ಒಂದು ಕೋಟೆ, ನಾವು ಏನೂ ಮಾಡದೇ ಸುಮ್ನೆ ಕೂತಿದ್ರೂ ಕಾಯೋದು. ಆದ್ರೆ ಬೆರಳು, ಕೈ, ಕಾಲು, ಕಿವಿ, ಮೂಗು ಇವೆಲ್ಲ 37ರಲ್ಲಿ ಇರಲ್ಲ, ಅವು ತಣ್ಣಗಿರ್ತವೆ. ಸ್ಪೋರೋಥ್ರಿಕ್ಸ್ ಈ ವಿಷಯದಲ್ಲಿ ಭಾರೀ ಚಾಲಾಕಿ, ಹೊರಗಡೆ ತಂಪಲ್ಲಿ ನೂಲು ನೂಲಾದ ಬೂಷ್ಟಾಗಿರುತ್ತೆ, ಒಳಗೆ ಬಿಸಿಗೆ ಬಂದ್ರೆ ರೂಪ ಬದಲಾಯಿಸಿ ಯೀಸ್ಟ್ ಆಗುತ್ತೆ. ಆದ್ರೂ ಅದರ ಕೆಲವು ತಳಿಗಳು 35 ಡಿಗ್ರಿಲಿ ಬೆಳೆದು 37ಕ್ಕೆ ಸುಸ್ತಾಗ್ತವೆ, ಅಂಥವು ಚುಚ್ಚಿದ ಜಾಗದಲ್ಲೇ ಒಂದು ಹುಣ್ಣಾಗಿ ಉಳ್ಕೊಳ್ತವೆ, ಮೇಲೆ ಹತ್ತಲ್ಲ. ಗರ್ಭಿಣಿಯರಿಗೆ ಮಾತ್ರೆ ಕೊಡೋ ಹಾಗಿಲ್ಲದಾಗ ಹುಣ್ಣಿಗೆ ದಿನಾ ಬಿಸಿ ಶಾಖ ಕೊಟ್ಟೇ ವಾಸಿ ಮಾಡೋಕೆ ನೋಡ್ತಾರೆ, ಅದರ ಹಿಂದಿರೋದೂ ಇದೇ ಲೆಕ್ಕ.

ಇದನ್ನ ತಿಳ್ಕೊಂಡ ಮೇಲೆ ಇಮ್ಯುನಿಟಿ ಬೂಸ್ಟರ್ ಅಂತ ಡಬ್ಬಿ ಮಾರೋರ ಮೇಲಿದ್ದ ಸಿಟ್ಟು ಇನ್ನಷ್ಟು ಜಾಸ್ತಿ ಆಯ್ತು. ರೋಗನಿರೋಧಕ ಶಕ್ತಿ ಅಂದ್ರೆ ಪರೀಕ್ಷೆ ಅಂಕ ಅಲ್ಲ, ಇವನಿಗೆ ಎಂಬತ್ತು ಅವನಿಗೆ ನಲವತ್ತು ಅನ್ನೋಕೆ. ನನ್ನ ದೇಹ ಸುಮ್ನೆ ಕೂತಿರ್ಲಿಲ್ಲ, ಫಂಗಸ್ಸನ್ನ ಸುತ್ತುವರಿದು ಗಂಟು ಕಟ್ಟಿತ್ತು, ಆ ಗಂಟು ಅನ್ನೋದೇ ಹೋರಾಟದ ಗುರುತು. ಏಡ್ಸ್ ಮುಂದುವರಿದೋರಲ್ಲಿ ಇದೇ ಫಂಗಸ್ ಎಲುಬಿಗೆ, ಕೀಲಿಗೆ, ಮೆದುಳಿನ ಪೊರೆಗೂ ಹೋಗ್ಬಹುದು. ನನ್ನ ಕೈ ದಾಟಿ ಹೋಗ್ಲಿಲ್ಲ ಅನ್ನೋದಕ್ಕೆ ಕಾರಣ ದೇಹ ಸರಿಯಾಗೇ ಕೆಲಸ ಮಾಡ್ತಿತ್ತು ಅನ್ನೋದು.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ನಾನೇ ಒಂದು ತೊಡಕು ಹಾಕ್ಬೇಕು. ಕೆಲವು ಸಲ ಆರೋಗ್ಯವಾಗಿ ಕಾಣೋರ ದೇಹದಲ್ಲಿ ನಿಜವಾಗ್ಲೂ ಒಂದು ಸಣ್ಣ ಕಿಂಡಿ ಇರುತ್ತೆ, ಬರೀ ಫಂಗಸ್ಸಿಗೆ ಮಾತ್ರ ತೆರೆಯೋ ಅಂಥದ್ದು. ಕಾರ್ಡ್9 ಅನ್ನೋ ಜೀನ್ ಇದೆ. 2013ರಲ್ಲಿ ಅಲ್ಜೀರಿಯಾ, ಮೊರಾಕೊ, ಟುನೀಶಿಯಾ ಮೂಲದ ಎಂಟು ಕುಟುಂಬಗಳ 17 ಜನರ ಬಗ್ಗೆ ಒಂದು ವರದಿ ಬಂತು, ಹುಳುಕಡ್ಡಿ ಥರದ ಮಾಮೂಲಿ ಫಂಗಸ್ಸೇ ಅವರಲ್ಲಿ ಚರ್ಮ ದಾಟಿ ಆಳಕ್ಕೆ ಇಳಿದಿತ್ತು, ಎಲ್ಲರಲ್ಲೂ ಕಾರ್ಡ್9 ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ವು. ಬ್ಯಾಕ್ಟೀರಿಯಾ, ವೈರಸ್ ವಿಷಯದಲ್ಲಿ ಅಂಥೋರಿಗೆ ದೊಡ್ಡ ತೊಂದರೆ ಕಾಣಲ್ಲ, ಮಾಮೂಲಿ ರಕ್ತಪರೀಕ್ಷೇಲೂ ಸಿಗಲ್ಲ. ಹಾಗಾಗಿ ಡಾಕ್ಟ್ರು ನನಗೂ ಒಂದು ಮಾತು ಹೇಳಿದ್ರು: "ಇದು ವಾಸಿಯಾಗಿ ಮತ್ತೆ ಬಂದ್ರೆ, ಇಲ್ಲಾ ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಆಳದ ಫಂಗಸ್ ಆಗಿದ್ದು ಗೊತ್ತಾದ್ರೆ ಆಗ ಜೀನ್ ಕಡೆ ನೋಡೋಣ. ಒಂದು ಸಿಬಿರಿಗೆ ಒಂದು ಸಲ ಬಂದಿದ್ದಕ್ಕೆ ಅಷ್ಟು ದೂರ ಹೋಗೋದು ಬೇಡ." ಅದು ಸರಿ ಅನ್ನಿಸ್ತು.

ಬಯಾಪ್ಸಿ ವಿಷಯ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಯಾರಿಗಾದ್ರೂ ಉಪಯೋಗಕ್ಕೆ ಬರೋದಿದ್ರೆ ಇದೇ. ಹುಣ್ಣಿನ ಅಂಚಿಂದ ಚರ್ಮದ ಚೂರು ತೆಗೀತಾರೆ, ಮಾಮೂಲಿಯಾಗಿ ಅದನ್ನ ಫಾರ್ಮಲಿನ್ ಡಬ್ಬಿಗೆ ಹಾಕಿ ಪ್ಯಾಥಾಲಜಿಗೆ ಕಳಿಸ್ತಾರೆ. ಸ್ಪೋರೋಟ್ರೈಕೋಸಿಸ್‌ನಲ್ಲಿ ತೊಂದರೆ ಏನಂದ್ರೆ ಆರೋಗ್ಯವಂತರ ಚರ್ಮದ ಚೂರಲ್ಲಿ ಫಂಗಸ್ ತುಂಬಾ ಕಮ್ಮಿ ಇರುತ್ತೆ, ಸಿಗಾರ್ ಆಕಾರದ ಯೀಸ್ಟ್ ಕಾಣುತ್ತೆ ಅಂತ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತೆ, ಸ್ಲೈಡಲ್ಲಿ ಬಹಳ ಸಲ ಕಾಣಲ್ಲ, ವಿಶೇಷ ಬಣ್ಣ ಹಾಕಿ ನೋಡಿದ್ರೂ ಕಾಣದೇ ಹೋಗ್ಬಹುದು. ಗ್ರ್ಯಾನ್ಯುಲೋಮಾ, ಅಂದ್ರೆ ದೇಹ ಸುತ್ತುವರಿದು ಕಟ್ಟಿದ ಜೀವಕೋಶಗಳ ಗಂಟು, ಇದೆ ಅಂತಷ್ಟೇ ರಿಪೋರ್ಟ್ ಬರುತ್ತೆ, ಗ್ರ್ಯಾನ್ಯುಲೋಮಾ ಕ್ಷಯಕ್ಕೂ ಆಗುತ್ತೆ ಇನ್ನೂ ಹತ್ತಕ್ಕೂ ಆಗುತ್ತೆ. ಖಚಿತ ಮಾಡೋದು ಕಲ್ಚರ್, ಅಂದ್ರೆ ಚೂರನ್ನ ಆಹಾರ ಇರೋ ತಟ್ಟೇಲಿಟ್ಟು ಫಂಗಸ್ ಬೆಳೆಸೋದು. ಫಾರ್ಮಲಿನ್‌ಗೆ ಬಿದ್ದ ಚೂರಲ್ಲಿ ಏನೂ ಬೆಳೆಯಲ್ಲ, ಅದರಲ್ಲಿ ಎಲ್ಲಾ ಸತ್ತಿರುತ್ತೆ. ಹಾಗಾಗಿ ಎರಡು ಚೂರು ಬೇಕು, ಒಂದು ಫಾರ್ಮಲಿನ್‌ಗೆ, ಇನ್ನೊಂದು ಸಲೈನ್ ನೀರಲ್ಲಿ ನೇರ ಮೈಕ್ರೋಬಯಾಲಜಿ ಲ್ಯಾಬಿಗೆ, ಫಂಗಸ್‌ಗೂ ನೋಡಿ ಕ್ಷಯದ ಜಾತಿ ಬ್ಯಾಕ್ಟೀರಿಯಾಗೂ ನೋಡಿ ಅಂತ ಚೀಟೀಲಿ ಬರೆದು. ನನ್ನ ಡಾಕ್ಟ್ರು ಎರಡೂ ಡಬ್ಬಿ ತಾವೇ ಪಕ್ಕದಲ್ಲಿ ಇಟ್ಕೊಂಡು ಹೆಸರು ಬರೆದು ಆಮೇಲೆ ಕತ್ತರಿ ಹಿಡಿದ್ರು. ಸ್ಲೈಡಲ್ಲಿ ಏನೂ ಸಿಗ್ಲಿಲ್ಲ. ಕಲ್ಚರಲ್ಲಿ ಬೆಳೀತು, ಮೊದಲು ಬೆಳ್ಳಗೆ, ಆಮೇಲೆ ನಿಧಾನಕ್ಕೆ ಕಪ್ಪಾಗ್ತಾ.

ಮನೇಲಿ ಇದೇನು ಅಂಟುತ್ತಾ ಅಂತ ಗಾಬರಿ. ಅತ್ತಿಗೆ ಪಾಪ ನನ್ನ ಟವೆಲ್ ಬೇರೆ ಮಾಡಿಟ್ಟಿದ್ರು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡಲ್ಲ ಅಂತಲೇ ಹೇಳ್ಬಹುದು, ಬೆಕ್ಕಿಂದ ಬಂದ್ರೆ ಬಂತು. ಅದನ್ನ ಹೇಳಿದ್ರೂ ಟವೆಲ್ ಬೇರೆನೇ ಇತ್ತು, ಇರ್ಲಿ ಬಿಡಿ ಅಂತ ನಾನೂ ಸುಮ್ನಾದೆ.

ಔಷಧಿ ಇಟ್ರಾಕೊನಜೋಲ್. ಫಂಗಸ್ಸು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟ, ಆದ್ದರಿಂದ ಅದನ್ನ ಕೊಂದು ನಮ್ಮನ್ನ ಬಿಡೋ ಔಷಧಿ ಹುಡುಕೋದು ಬ್ಯಾಕ್ಟೀರಿಯಾಗೆ ಹುಡುಕಿದಷ್ಟು ಸಲೀಸಲ್ಲ. ನಮ್ಮ ಜೀವಕೋಶದ ಪೊರೆಲಿ ಕೊಲೆಸ್ಟರಾಲ್ ಇದ್ದ ಹಾಗೆ ಅದರ ಪೊರೆಲಿ ಎರ್ಗೊಸ್ಟೆರಾಲ್ ಇರುತ್ತೆ, ಈ ಮಾತ್ರೆ ಅದು ತಯಾರಾಗೋದನ್ನ ತಡೆಯುತ್ತೆ. ಕ್ಯಾಪ್ಸೂಲನ್ನ ಊಟದ ಜೊತೆ ತಗೋಬೇಕು, ಹೊಟ್ಟೇಲಿ ಆಮ್ಲ ಇದ್ರೇನೇ ಅದು ಕರಗೋದು, ಗ್ಯಾಸ್ಟ್ರಿಕ್ ಮಾತ್ರೆ ನುಂಗ್ಕೊಂಡು ಇದನ್ನೂ ನುಂಗಿದ್ರೆ ಅರ್ಧಕ್ಕರ್ಧ ದಂಡ. ಕೊಲೆಸ್ಟರಾಲ್ ಇಳಿಸೋ ಕೆಲವು ಮಾತ್ರೆಗಳ ಜೊತೆ ಆಗಲ್ಲ, ಹಾರ್ಟ್ ಫೇಲ್ಯೂರ್ ಇರೋರಿಗೆ ಆಗಲ್ಲ, ಲಿವರ್ ಟೆಸ್ಟ್ ಆಗಾಗ ಮಾಡ್ಸಬೇಕು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು, ಹುಣ್ಣು ಪೂರ್ತಿ ಮಾಯ್ದ ಮೇಲೂ ಎರಡರಿಂದ ನಾಲ್ಕು ವಾರ ಮುಂದುವರಿಸ್ಬೇಕು. ಆ ಕೊನೇ ವಾರಗಳಷ್ಟು ಬೇಜಾರು ಯಾವುದೂ ಇಲ್ಲ, ಕೈ ನೋಡಿದ್ರೆ ಏನೂ ಇಲ್ಲ, ಮಾತ್ರೆ ಮಾತ್ರ ದಿನಾ.

ಹಿಂದೆಲ್ಲ ಪೊಟ್ಯಾಸಿಯಂ ಅಯೊಡೈಡ್ ಹನಿ ಕುಡೀಬೇಕಿತ್ತು, ಫ್ರಾನ್ಸಿನಲ್ಲಿ ದ ಬರ್ಮನ್ ಅನ್ನೋ ವೈದ್ಯರು 1903ರಿಂದ ಬಳಸಿದ್ದು. ಐದು ಹನಿಯಿಂದ ಶುರು ಮಾಡಿ ದಿನಕ್ಕೆ ಮೂರು ಹೊತ್ತು, ಏರಿಸ್ತಾ ಏರಿಸ್ತಾ ಹೊತ್ತಿಗೆ ನಲವತ್ತು ಐವತ್ತು ಹನಿವರೆಗೆ. ಬಾಯೆಲ್ಲ ಕಬ್ಬಿಣ ನೆಕ್ಕಿದ ರುಚಿ, ಮೂಗು ಸೋರೋದು, ಮೊಡವೆ. ಅಗ್ಗ ಅನ್ನೋ ಕಾರಣಕ್ಕೆ ಇವತ್ತಿಗೂ ಎಷ್ಟೋ ಕಡೆ ಅದನ್ನೇ ಕೊಡ್ತಾರೆ. ಅದು ಯಾಕೆ ಕೆಲಸ ಮಾಡುತ್ತೆ ಅಂತ ನೂರು ವರ್ಷ ದಾಟಿದ್ರೂ ವಿಜ್ಞಾನಕ್ಕೆ ಪೂರ್ತಿ ಬಿಡಿಸೋಕಾಗಿಲ್ಲ.

ಈಗ ಕೈಲಿ ನಾಲ್ಕೈದು ಕಂದು ಕಲೆ ಇದೆ, ಬೆರಳಿನ ಮೇಲಿಂದು ಸ್ವಲ್ಪ ತಗ್ಗಾಗಿದೆ. ಮರದ ಕೆಲಸ ಬಿಟ್ಟಿಲ್ಲ, ಬಿಡೋ ಅಂಥದ್ದೇನೂ ಅಲ್ಲ. ದಪ್ಪ ಚರ್ಮದ ಗ್ಲೌಸ್ ತಂದಿದೀನಿ, ತೆಳು ರಬ್ಬರಿಂದು ಸಿಬಿರಿಗೆ ಲೆಕ್ಕಕ್ಕಿಲ್ಲ. ಆ ದಪ್ಪ ಗ್ಲೌಸ್ ಹಾಕ್ಕೊಂಡ್ರೆ ಸಣ್ಣ ಮೊಳೆ ಹಿಡಿಯೋಕೇ ಆಗಲ್ಲ ಅನ್ನೋದು ಇನ್ನೊಂದು ತಲೆನೋವು, ಹಾಗಾಗಿ ನೆನೆದ ಹಲಗೆ ಎತ್ತೋವಾಗ ಹಾಕ್ಕೊಳ್ತೀನಿ, ಮೊಳೆ ಹೊಡೆಯೋವಾಗ ತೆಗೀತೀನಿ.